ಮದ್ದಲ್ಲದ ಭಾಗ

ಪ್ಯಾರಬೆನ್ ಆಗಿರಲಪ್ಪಾ ಎಂದು ಅವನು ಕನ್ನಡಿಯ ಮುಂದೆ ನಿಂತು, ಅರ್ಧ ಮುಖಕ್ಕೆ ನೊರೆ ಬಳಿದುಕೊಂಡು, ಯಾರನ್ನೆಂದು ಗೊತ್ತಿಲ್ಲದೆ ಬೇಡಿಕೊಂಡ. ಮುಲಾಮು ಕೆಡದಂತೆ ಕಾಯುವ ಆ ಪ್ಯಾರಬೆನ್ ಅಲ್ಲವೆಂದರೆ ಗ್ಲೈಕಾಲ್ ಆಗಲಿ, ಅದೂ ಅಲ್ಲವೆಂದರೆ ಹಾಳು ಸುಗಂಧದ್ದಾಗಲಿ, ಉಣ್ಣೆಕೊಬ್ಬು ಮಾತ್ರ ಬೇಡ. ಬೇಡಿಕೊಂಡು ಮುಗಿದ ಮೇಲೆ ತಾನು ಬೇಡಿದ್ದು ಏನೆಂದು ಹೊಳೆದು ನಾಚಿಕೆಯಾಯಿತು. ಬೇರೆ ಗಂಡಂದಿರು ಹೆಂಡತಿಗೆ ಏನೂ ಆಗದಿರಲಿ ಎನ್ನುತ್ತಾರೆ. ಇವನು ಆಗುವುದೇ ಆದರೆ ಇಂಥದ್ದರಿಂದ ಆಗಲಿ ಎಂದು ಆಯ್ಕೆ ಮುಂದಿಡುತ್ತಿದ್ದ. ಒಳಗೆ ಹೆಂಡತಿ ಕುತ್ತಿಗೆಯವರೆಗೆ ಗುಂಡಿ ಹಾಕಿದ ಸಡಿಲ ಅಂಗಿ ತೊಟ್ಟು ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಆ ಅಂಗಿಯ ಕೆಳಗೆ, ಅವಳ ಬೆನ್ನ ಮೇಲೆ, ಚರ್ಮದ ಡಾಕ್ಟರು ಪೆನ್ನಿನಲ್ಲಿ ಬರೆದ ಅಂಕಿಗಳ ಸಾಲಿತ್ತು. ವಾರದ ಮೊದಲಿಗೆ ಒಂದೊಂದು ಅಂಕಿಯ ಪಕ್ಕ ಒಂದೊಂದು ಪದಾರ್ಥವನ್ನು ಚಿಕ್ಕ ಪಟ್ಟಿಯಲ್ಲಿಟ್ಟು ಅಂಟಿಸಿದ್ದರು. ಎರಡು ದಿನ ಬಿಟ್ಟು ಪಟ್ಟಿ ಕಿತ್ತು, ಈಗಲೇ ಏನೂ ಹೇಳಲಾಗದು, ವಾರದ ಕೊನೆಗೆ ಬನ್ನಿ, ಎಲ್ಲಿ ಕೆಂಪಗೆ ಉಬ್ಬಿ ನಿಂತಿರುತ್ತದೋ ಅದೇ ನಿಮ್ಮ ಕೈಯನ್ನು ಹಾಳುಮಾಡಿದ್ದು ಎಂದಿದ್ದರು. ಅವತ್ತಿನಿಂದ ಅವನಿಗೆ ಆ ಬೆನ್ನಿನ ಮೇಲೇ ಕಣ್ಣು. ನಿನ್ನೆ ಅವಳು ಬಟ್ಟೆ ಮಡಿಸುತ್ತಿದ್ದಾಗ ಕಾಲರಿನೊಳಗೆ ಇಣುಕಲು ಹೋಗಿ ಸಿಕ್ಕಿಬಿದ್ದಿದ್ದ.

"ಏನು ನೋಡ್ತಿದ್ದೀರಿ?" ಎಂದಿದ್ದಳು ತಿರುಗದೆ.

"ಏನಿಲ್ಲ. ದಾರ ಅಂಟಿತ್ತು."

"ದಾರ ಅಲ್ಲೇ ಇರ್ಲಿ. ಡಾಕ್ಟರ್ ನೋಡ್ತಾರೆ."

ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಹೆಂಡತಿಯ ಬೆನ್ನನ್ನು ಕದ್ದು ನೋಡುವ ಗತಿ ಬಂತಲ್ಲ ಎಂದು ಅವನಿಗೆ ನಗು ಬಂದಿತ್ತು. ಆ ನಗುವಿನಲ್ಲೂ ಭಯವೇ ಹೆಚ್ಚಿತ್ತು.

ಅವನ ಕೆಲಸವೇ ಮದ್ದಲ್ಲದ್ದರ ಕೆಲಸ. ಮುಲಾಮಿನ ಟ್ಯೂಬಿನ ಮೇಲೆ ದಪ್ಪ ಅಕ್ಷರದಲ್ಲಿ ಯಾವ ಮದ್ದಿನ ಹೆಸರಿರುತ್ತದೋ ಅದು ಒಳಗಿರುವುದು ಉಗುರಿನ ತುದಿಯಷ್ಟು. ಉಳಿದದ್ದೆಲ್ಲ ಅದನ್ನು ಹೊತ್ತು ಚರ್ಮಕ್ಕೆ ಮುಟ್ಟಿಸುವ ಜಿಡ್ಡು, ಮೇಣ, ನೀರು, ಜಿಡ್ಡೂ ನೀರೂ ಬೇರೆಯಾಗದಂತೆ ಹಿಡಿದಿಡುವ ಇನ್ನೊಂದು, ಇವೆಲ್ಲ ಕೆಡದಂತೆ ಕಾಯುವ ಮತ್ತೊಂದು. ಪುಸ್ತಕದಲ್ಲಿ ಇವಕ್ಕೆ ಎಕ್ಸಿಪಿಯೆಂಟ್ ಎಂಬ ಗಂಭೀರವಾದ ಹೆಸರಿದೆ. ಕಾರ್ಖಾನೆಯಲ್ಲಿ ಎಲ್ಲರೂ ಜಿಡ್ಡು ಎನ್ನುತ್ತಿದ್ದರು, ಅವನನ್ನು ಜಿಡ್ಡಣ್ಣ ಎನ್ನುತ್ತಿದ್ದರು. ಎದುರಿಗಲ್ಲ, ಆದರೆ ಅವನು ಬಾಗಿಲು ತೆರೆದಾಗ ಸಟ್ಟನೆ ನಿಲ್ಲುವ ಮಾತಿನಲ್ಲಿ ಆ ಹೆಸರು ಇರುತ್ತಿತ್ತು. ಒಮ್ಮೆ ಭಾವಮೈದ ಊಟದ ಮೇಜಿನಲ್ಲಿ ಎಲ್ಲರೆದುರು, ಅಲ್ಲ ಭಾವ, ನೀವು ಔಷಧಿ ಮಾಡ್ತೀರೋ ಅಥವಾ ಔಷಧಿಗೆ ಹಾಸಿಗೆ ಹಾಸ್ತೀರೋ ಎಂದು ಕೇಳಿ ಎಲ್ಲರನ್ನೂ ನಗಿಸಿದ್ದ. ಅವನೂ ನಕ್ಕಿದ್ದ. ಆ ನಗು ಮೂರು ವರ್ಷವಾದರೂ ಗಂಟಲಿನಿಂದ ಇಳಿದಿರಲಿಲ್ಲ. ಹಾಸಿಗೆ ಸರಿಯಿಲ್ಲದಿದ್ದರೆ ನಿನ್ನ ಔಷಧಿ ಎಲ್ಲಿ ಮಲಗುತ್ತದೆ ಮಹರಾಯ ಎಂಬ ಉತ್ತರ ಅವತ್ತು ಕೈ ತೊಳೆಯುವಾಗ ಹೊಳೆದು, ಅಂದಿನಿಂದ ಸ್ನಾನದ ಮನೆಯಲ್ಲಿ ಎಷ್ಟೋ ಸಲ ಆ ಉತ್ತರವನ್ನು ಗೋಡೆಗೆ ಹೇಳಿದ್ದ. ಗೋಡೆ ಪ್ರತಿ ಸಲವೂ ಸೋತಿತ್ತು.

ಆ ಜಿಡ್ಡುಗಳಲ್ಲಿ ಅವನ ಮುದ್ದಿನದು ಉಣ್ಣೆಕೊಬ್ಬು. ಕುರಿಯ ಉಣ್ಣೆಯನ್ನು ತೊಳೆದಾಗ ಇಳಿಯುವ, ಹಳದಿ ಬಣ್ಣದ, ಅಂಟಂಟಾದ, ಎಷ್ಟು ಶುದ್ಧ ಮಾಡಿದರೂ ಎಲ್ಲೋ ಒಂದು ಮೂಲೆಯಲ್ಲಿ ಕುರಿಯ ವಾಸನೆ ಉಳಿಸಿಕೊಳ್ಳುವ ಪದಾರ್ಥ. ತನಗಿಂತ ಎರಡರಷ್ಟು ನೀರನ್ನು ಸದ್ದಿಲ್ಲದೆ ಒಳಗೆ ತೆಗೆದುಕೊಳ್ಳುತ್ತದೆ. ಪೆಟ್ರೋಲಿಯಂ ಜೆಲ್ಲಿಯೆಂದು ಮಾರುವ ಬಿಳಿ ಪ್ಯಾರಫಿನ್ನಿನ ಹಾಗೆ ಚರ್ಮದ ಮೇಲೆ ಸುಮ್ಮನೆ ಬಿದ್ದುಕೊಳ್ಳುವುದಿಲ್ಲ. ಅದನ್ನು ಕೈ ಹಿಂಭಾಗಕ್ಕೆ ಹಚ್ಚಿ ಹೆಬ್ಬೆರಳಿನಲ್ಲಿ ವೃತ್ತ ತಿದ್ದುತ್ತ, ಯಾವ ಕ್ಷಣದಲ್ಲಿ ಎಳೆತ ಹೋಗಿ ಜಾರು ಬರುತ್ತದೆಂದು ಕಣ್ಣು ಮುಚ್ಚಿ ಕಾಯುವುದು ಅವನ ವೃತ್ತಿಯ ಸುಖ. ಯಂತ್ರಗಳಿದ್ದವು, ಅಳೆದು ಅಂಕಿ ಕೊಡುತ್ತಿದ್ದವು. ಅವನಿಗೆ ಹೆಬ್ಬೆರಳೇ ಸಾಕು. ಆ ಅಭ್ಯಾಸ ಎಷ್ಟು ಅಂಟಿತ್ತೆಂದರೆ ಯಾರಾದರೂ ಕೈಕುಲುಕಿದರೂ ಅವನ ಹೆಬ್ಬೆರಳು ತನ್ನಷ್ಟಕ್ಕೆ ಅವರ ಚರ್ಮವನ್ನು ತಿದ್ದಿ ನೋಡುತ್ತಿತ್ತು. ಒಮ್ಮೆ ಒಬ್ಬ ಇನ್ಸ್‌ಪೆಕ್ಟರು ಬೆಚ್ಚಿ ಕೈ ಕಿತ್ತುಕೊಂಡಿದ್ದರು. ಹೆಂಡತಿಯ ಕೈ ಒಡೆಯಲು ಶುರುವಾದಾಗ, ಬೆರಳ ಸಂದಿಗಳಲ್ಲಿ ಕೆಂಪು ಗೆರೆಗಳು ಬಿಟ್ಟು, ಚಿಪ್ಪೆದ್ದು, ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸುವಾಗ ಅವಳು ಹಲ್ಲು ಕಚ್ಚುವುದನ್ನು ಕಂಡಾಗ, ಅವನಿಗೆ ದುಃಖದ ಜೊತೆ, ಸುಳ್ಳೇಕೆ, ಒಂದು ಉತ್ಸಾಹವೂ ಬಂದಿತ್ತು. ಇಗೋ, ಕೊನೆಗೂ ಮನೆಯಲ್ಲಿ ನನ್ನ ವಿದ್ಯೆಗೆ ಕೆಲಸ ಬಂತು ಎಂಬ ಉತ್ಸಾಹ. ಮೊದಲು ಅವಳ ಹೊಲಿಗೆ ನಿಲ್ಲಿಸಿದ. ಬಟ್ಟೆಯ ಬಣ್ಣದ್ದೇ ಕಾರಣ, ನನ್ನ ಮಾತು ಕೇಳು ಎಂದ. ಅಕ್ಕಪಕ್ಕದವರ ಬಟ್ಟೆ ಚಿಕ್ಕದು ದೊಡ್ಡದು ಮಾಡಿಕೊಡುತ್ತ, ಹಾಡು ಗುನುಗುತ್ತ, ಕಿಟಕಿಯ ಬಳಿ ಕೂರುತ್ತಿದ್ದವಳು ಒಂದು ಮಾತೂ ಆಡದೆ ಯಂತ್ರಕ್ಕೆ ಮುಸುಕು ಹಾಕಿದಳು. ಆಮೇಲೆ ಕಾರ್ಖಾನೆಯಿಂದ ತನ್ನದೇ ಮುಲಾಮು ತಂದ, ಮದ್ದಿಲ್ಲದ್ದು, ಬರೀ ತಳದ ಜಿಡ್ಡು, ಉಣ್ಣೆಕೊಬ್ಬನ್ನು ಧಾರಾಳವಾಗಿ ಸುರಿದು ಮಾಡಿದ್ದು.

ದಿನಾ ಊಟವಾದ ಮೇಲೆ ಅವಳು ಮೇಜಿನ ಮೇಲೆ ಎರಡೂ ಕೈ ಚಾಚುತ್ತಿದ್ದಳು, ಅವನು ಹಚ್ಚುತ್ತಿದ್ದ. ಹಚ್ಚಿದ್ದು ಇಳಿಯಲು ಹೊತ್ತು ಬೇಕು, ಅಷ್ಟು ಹೊತ್ತು ಬಾಯಿ ಮುಚ್ಚಿ ಕೂರಲಾಗದೆ ಅವನು ಏನೇನೋ ಹೇಳುತ್ತಿದ್ದ. ಕಲಸುವ ದೊಡ್ಡ ಪಾತ್ರೆಗೆ ಯಾರದೋ ಟೋಪಿ ಬಿದ್ದದ್ದು, ಮ್ಯಾನೇಜರು ಕ್ರೀಮನ್ನು ಐಸ್‌ಕ್ರೀಮು ಎಂದು ಬಾಯಿ ತಪ್ಪಿ ಹೇಳಿದ್ದು. ಅವಳು ನಗುತ್ತಿದ್ದಳು. ಕೈ ಮಾತ್ರ ಹದಗೆಡುತ್ತಲೇ ಹೋಯಿತು. ಕೆಟ್ಟಷ್ಟೂ ಅವನು ಹೆಚ್ಚು ಹಚ್ಚಿದ. ಮುಲಾಮಿನವನಿಗೆ ಬೇರೇನು ತಾನೇ ಹೊಳೆದೀತು? ನಡುವೆ ಒಮ್ಮೆ ತರಬೇತಿಯೆಂದು ಬೇರೆ ಊರಿಗೆ ಹೋಗಿ ಬಂದಾಗ ಅವಳ ಕೈ ತಿಳಿಯಾಗಿತ್ತು, ಗೆರೆಗಳು ಮುಚ್ಚಿಕೊಂಡಿದ್ದವು. ನೋಡಿದೆಯಾ, ಅಂತೂ ಹಿಡಿಯಿತು, ಸ್ವಲ್ಪ ನಿಧಾನ ಅಷ್ಟೇ ಎಂದು ಅವನು ಚೀಲವನ್ನೂ ಕೆಳಗಿಡದೆ ಬೀಗಿದ್ದ. ಅವಳು ಹೂಂ ಎಂದಿದ್ದಳು. ಅವತ್ತೇ ಊಟವಾದ ಮೇಲೆ ಮತ್ತೆ ಹಚ್ಚಿದ, ಇನ್ನೂ ದಪ್ಪಗೆ. ತಿಂಗಳೊಳಗೆ ಮೊದಲಿಗಿಂತ ಹದಗೆಟ್ಟಿತು. ಕೊನೆಗೆ ಅವಳೇ, ಒಂದು ಸಲ ಚರ್ಮದ ಡಾಕ್ಟರಿಗೆ ತೋರಿಸೋಣವಾ ಎಂದಾಗ ಅವನಿಗೆ ಅವಮಾನವಾಗಿತ್ತು. ಬಾಣಸಿಗನ ಹೆಂಡತಿ ಹೋಟೆಲಿನಿಂದ ಊಟ ತರಿಸಿದ ಹಾಗೆ.

ಹಚ್ಚಿಕೊಳ್ಳುವ ಮುಲಾಮಿನಲ್ಲಿ ಏನೇನಿದೆಯೋ ಎಲ್ಲವನ್ನೂ ಅದನ್ನು ಮಾಡಿದವರಿಂದ ಬೇರೆಬೇರೆಯಾಗಿ ತರಿಸಿ ಎಂದು ಡಾಕ್ಟರು ಹೇಳಿದಾಗ, ಮಾಡಿದವನು ತಾನೇ ಎಂದು ಬಾಯಿಬಿಡದೆ ಪುಟ್ಟ ಡಬ್ಬಿಗಳಲ್ಲಿ ತುಂಬಿಕೊಟ್ಟವನು ಅವನೇ. ಉಣ್ಣೆಕೊಬ್ಬಿನ ಡಬ್ಬಿ ತುಂಬುವಾಗ ಚಮಚ ಹಿಡಿದ ಕೈ ಪಕ್ಕದ ಬಿಳಿ ಪ್ಯಾರಫಿನ್ನಿನ ಪಾತ್ರೆಯ ಮೇಲೆ ಒಂದು ಗಳಿಗೆ ನಿಂತಿತ್ತು. ಅದನ್ನೇ ತುಂಬಿ ಇದರ ಹೆಸರು ಬರೆದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತುಂಬಲಿಲ್ಲ. ಅದು ತನ್ನ ಪ್ರಾಮಾಣಿಕತೆಯೆಂದು ಅವತ್ತಿಡೀ ಎದೆಯುಬ್ಬಿಸಿಕೊಂಡು ಓಡಾಡಿದ. ನಿಜವೆಂದರೆ ಬಾಗಿಲ ಹತ್ತಿರ ಯಾರೋ ಕೆಮ್ಮಿದ್ದರು, ಅವನಿಗೆ ಧೈರ್ಯ ಸಾಲಲಿಲ್ಲ. ಈಗ ನೊರೆ ಒಣಗಿ ಕೆನ್ನೆ ಬಿಗಿಯುತ್ತಿತ್ತು. ನೀರು, ಸ್ಟಿಯರಿಕ್ ಆಮ್ಲ, ಸ್ವಲ್ಪ ಕ್ಷಾರ, ಗ್ಲಿಸರಿನ್ ಎಂದು ಮನಸ್ಸು ತನ್ನ ಮುಖವನ್ನೇ ಬಿಡಿಸಿ ಹೇಳಿತು. ಅವನು ಬೇಗ ಬೇಗ ಕ್ಷೌರ ಮುಗಿಸಿದ.

"ಮಧ್ಯಾಹ್ನ ನೇರವಾಗಿ ಕ್ಲಿನಿಕ್ಕಿಗೇ ಬರ್ತೀನಿ," ಎಂದ ಹೊರಡುವಾಗ.

"ಬರದಿದ್ರೂ ಪರವಾಗಿಲ್ಲ. ನಾನೇ ಹೋಗ್ಬರ್ತೀನಿ."

"ಅದೆಂಗಾಗುತ್ತೆ? ನಾನೇ ತಾನೇ ಎಲ್ಲ ತುಂಬಿಕೊಟ್ಟಿದ್ದು."

"ಅದಕ್ಕೇ ಅಂದೆ," ಎಂದಳು. ಅವನಿಗೆ ಅರ್ಥವಾಗಲಿಲ್ಲ, ಅರ್ಥ ಮಾಡಿಕೊಳ್ಳುವಷ್ಟು ಹೊತ್ತು ಅವನು ನಿಲ್ಲಲೂ ಇಲ್ಲ, ಸಭೆಗೆ ತಡವಾಗಿತ್ತು.

ಸಭೆ ಹಸುಗೂಸುಗಳಿಗೆ ಹಚ್ಚುವ ಹೊಸ ಕ್ರೀಮಿನ ಬಗ್ಗೆ. ಉದ್ದನೆಯ ಮೇಜು, ಒಂದು ತುದಿಯಲ್ಲಿ ಮ್ಯಾನೇಜರು, ಎದುರಿಗೆ ಕ್ವಾಲಿಟಿ ಮೇಡಂ. ಈ ಮೇಡಂ ಅವನಿಗಿಂತ ಹತ್ತು ವರ್ಷ ಚಿಕ್ಕವರು, ದನಿ ಏರಿಸದವರು, ಬೆಣ್ಣೆಯಿಂದ ಕೂದಲೆಳೆದ ಹಾಗೆ ತಪ್ಪನ್ನು ಎಳೆದು ತೋರಿಸುವವರು. ಅವರೆದುರು ಅವನಿಗೆ ಯಾವಾಗಲೂ ತನ್ನ ಕೋಟಿನ ತೋಳಿನಲ್ಲಿ ಜಿಡ್ಡಿನ ಕಲೆಯಿದೆ ಎನಿಸುತ್ತಿತ್ತು. ಸಾಮಾನ್ಯವಾಗಿ ಇರುತ್ತಲೂ ಇತ್ತು. ಉಣ್ಣೆಕೊಬ್ಬನ್ನು ಈ ಕ್ರೀಮಿನಿಂದ ತೆಗೆಯೋಣ, ಒಡೆದ ಚರ್ಮಕ್ಕೆ ಹಚ್ಚುವಂಥದ್ದು ಇದು, ಕೆಲವರಿಗೆ ಅದು ಆಗಿಬರುವುದಿಲ್ಲ ಎಂದು ಮೇಡಂ ಹೇಳಿದರು. ಅವನಿಗೆ ಬೆನ್ನಿನ ಅಂಕಿಗಳು ನೆನಪಾದವು. ಆರನೆಯದು ಉಣ್ಣೆಕೊಬ್ಬು, ಅಂಟಿಸಿದ ದಿನ ಡಾಕ್ಟರು ಹೇಳಿದಂತೆ ಸೊಂಟಕ್ಕಿಂತ ಸ್ವಲ್ಪ ಮೇಲೆ, ಎಡಗಡೆ. ಇವತ್ತೊಂದು ದಿನ ಬಾಯಿ ಮುಚ್ಚಿಕೊಂಡಿರು, ನಾಳೆ ಮಾತಾಡು ಎಂದು ಒಳಗಿನಿಂದ ಯಾರೋ ಹೇಳಿದರು. ಆದರೆ ಮೇಡಂ ಹೇಳುತ್ತಿರುವಾಗ ಮ್ಯಾನೇಜರು ತಲೆಯಾಡಿಸಿದರು, ಆ ತಲೆಯಾಟ ಅವನಿಗೆ ಸಹಿಸಲಾಗಲಿಲ್ಲ. ಎದ್ದು ನಿಂತ. ತಾನು ಎದ್ದು ನಿಂತದ್ದು ಕಂಡು ಅವನಿಗೇ ಆಶ್ಚರ್ಯವಾಯಿತು.

"ಆಗಿಬರದವರು ಎಷ್ಟು ಜನ ಮೇಡಂ? ಎಲ್ಲೋ ಸಾವಿರದಲ್ಲೊಬ್ಬರು, ಇಬ್ಬರು. ಅಂಥವರಿಗೆ ಏನು ಹಚ್ಚಿದ್ರೂ ಆಗಿಬರಲ್ಲ. ನಮ್ಮ ಅಜ್ಜಿ ಕಾಲದಿಂದ ಜನ ಹಚ್ತಿದ್ದಾರೆ. ಆ ಒಬ್ಬರಿಗೋಸ್ಕರ ಉಳಿದ ಅಷ್ಟೂ ಮಕ್ಕಳಿಗೆ ಒಣ ಪ್ಯಾರಫಿನ್ ಬಳಿಯೋದಾ?"

"ಆ ಒಬ್ಬರು ಯಾರು ಅಂತ ಮೊದಲೇ ಗೊತ್ತಿದ್ರೆ ತೊಂದರೆ ಇರ್ಲಿಲ್ಲ ಸರ್," ಎಂದರು ಮೇಡಂ.

ಉತ್ತರಕ್ಕಿಂತ ದೊಡ್ಡದೊಂದು ಅವನ ಜೇಬಿನಲ್ಲಿತ್ತು. ಎರಡು ಪುಟ್ಟ ಡಬ್ಬಿ ತೆಗೆದು, ಮ್ಯಾನೇಜರ ಎಡಗೈಗೆ ಉಣ್ಣೆಕೊಬ್ಬಿದ್ದದ್ದನ್ನೂ ಬಲಗೈಗೆ ಇಲ್ಲದ್ದನ್ನೂ ಹಚ್ಚಿ, ಸ್ವಲ್ಪ ಉಜ್ಜಿಕೊಂಡು ನೋಡಿ ಸಾರ್ ಎಂದ. ಮ್ಯಾನೇಜರು ಎರಡೂ ಕೈಗಳನ್ನು ಮುಂದೆ ಚಾಚಿಕೊಂಡು ನಿದ್ದೆಯಲ್ಲಿ ನಡೆಯುವವರ ಹಾಗೆ ಕೂತಿದ್ದು, ಆಮೇಲೆ, ಇದು ಚೆನ್ನಾಗಿದೆಯಪ್ಪ, ಇದೇ ಇರಲಿ ಎಂದು ಎಡಗೈ ಎತ್ತಿದರು. ಸಭೆ ಮುಗಿಯಿತು. ಹೊರಗೆ ಯಾರೋ ಅವನ ಬೆನ್ನು ತಟ್ಟಿದರು. ಗೆದ್ದ ಖುಷಿ ಕಾರಿಡಾರಿನ ಅರ್ಧದವರೆಗೆ ಬಂತು. ಅಲ್ಲಿ ಕಿಟಕಿಯ ಗಾಜಿನಲ್ಲಿ ಅವನಿಗೆ ಒಬ್ಬ ನಡುವಯಸ್ಸಿನ ಮನುಷ್ಯ ಕಂಡ, ಕುರಿಯ ಕೊಬ್ಬಿಗಾಗಿ ಎದೆ ತಟ್ಟಿ ಹೋರಾಡಿ ಬಂದವನು, ಹೆಂಡತಿಯ ಬೆನ್ನ ಮೇಲೆ ಬೇರೆ ಯಾವುದಾದರೂ ಕೆಂಪಾಗಿರಲೆಂದು ಬಯಸುತ್ತಿರುವವನು. ಆ ಮನುಷ್ಯನ ಕೋಟಿನ ತೋಳಿನಲ್ಲಿ ಕಲೆಯೂ ಇತ್ತು. ಅವನು ಕೋಟು ಬಿಚ್ಚಿ ಕೊಕ್ಕೆಗೆ ಹಾಕಿ ಕ್ಲಿನಿಕ್ಕಿಗೆ ಹೊರಟ.

ಕ್ಲಿನಿಕ್ಕಿನಲ್ಲಿ ಅವಳು ಆಗಲೇ ಬಂದು ಕೂತಿದ್ದಳು, ಕೈಗಳನ್ನು ಮಡಿಲಲ್ಲಿ ಅಂಗೈ ಮೇಲಾಗಿ ಇಟ್ಟುಕೊಂಡು. ಪರೀಕ್ಷೆ ಮುಗಿಯುವವರೆಗೆ ಏನೂ ಹಚ್ಚಬಾರದೆಂದು ಡಾಕ್ಟರು ಹೇಳಿದ್ದರಿಂದ ಕೈಗಳು ಬರಿದಾಗಿದ್ದವು. ಬರಿದಾಗಿ ಒಂದು ವಾರವಾದ ಆ ಕೈಗಳು ಸ್ವಲ್ಪ ತಿಳಿಯಾದಂತೆ ಕಂಡವು. ಬೆಳಕಿನದ್ದಿರಬೇಕು ಎಂದು ಅವನು ತನಗೆ ಹೇಳಿಕೊಂಡ. ಗೋಡೆಯ ಮೇಲೆ ಚರ್ಮವನ್ನು ಅಡ್ಡಡ್ಡ ಸೀಳಿ ತೋರಿಸುವ ಒಂದು ದೊಡ್ಡ ಬಣ್ಣದ ಚಿತ್ರವಿತ್ತು. ಈ ಪದರಕ್ಕೆ ನಮ್ಮದು ಇಳಿಯುತ್ತೆ, ಇದಕ್ಕೆ ಇಳಿಯಲ್ಲ ಎಂದು ಅವನು ಬೆರಳಿಟ್ಟು ತೋರಿಸಿದ. ಅವಳು ಚಿತ್ರವನ್ನಲ್ಲ, ಅವನ ಬೆರಳನ್ನು ನೋಡಿದಳು. ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬರು ಅವನನ್ನು ಡಾಕ್ಟರೆಂದು ತಿಳಿದು ತಮ್ಮ ಮೊಣಕೈ ಮುಂದೆ ಮಾಡಿದರು. ನಾನಲ್ಲ ಅಜ್ಜಿ, ಒಳಗಿದ್ದಾರೆ ಎನ್ನುವಷ್ಟರಲ್ಲಿ ಅವನ ಹೆಬ್ಬೆರಳು ಆ ಮೊಣಕೈಯ ಮೇಲೆ ಒಂದು ವೃತ್ತ ತಿದ್ದಿಯಾಗಿತ್ತು. ಮುದುಕಿ ಸಮಾಧಾನದಿಂದ, ಏನು ಹಚ್ಚಲಪ್ಪಾ ಎಂದರು. ಅವನು ಕೆಮ್ಮಿ ಬೇರೆ ಕಡೆ ನೋಡಿದ.

ಚರ್ಮದ ಡಾಕ್ಟರು ಹುಡುಗಿಯಂತಿದ್ದರು, ಕೂದಲನ್ನು ಪೆನ್ನಿನಿಂದ ಎತ್ತಿ ಸಿಕ್ಕಿಸಿಕೊಂಡಿದ್ದರು. ಪರದೆಯ ಹಿಂದೆ ಹೆಂಡತಿಯ ಅಂಗಿ ಸರಿದ ಸದ್ದಾಯಿತು. ಅವನು ಕುರ್ಚಿಯ ಅಂಚಿಗೆ ಬಂದು ಕೂತ. ಪ್ಯಾರಬೆನ್, ಪ್ಯಾರಬೆನ್ ಎಂದುಕೊಳ್ಳುತ್ತಿದ್ದ ಮನಸ್ಸು, ಪರದೆಯಾಚೆಯಿಂದ ಡಾಕ್ಟರು ಓಹೋ ಎಂದದ್ದೇ ತಡ ನಿಂತುಬಿಟ್ಟಿತು.

"ಬನ್ನಿ, ನೀವೂ ನೋಡಿ," ಎಂದು ಕರೆದರು. "ಉಳಿದಿದ್ದೆಲ್ಲ ಸಪ್ಪಗಿದೆ. ಇದೊಂದು ನೋಡಿ, ಹೇಗೆ ಎದ್ದಿದೆ. ನೀರುಗುಳ್ಳೆ ಕೂಡ ಬಂದಿದೆ. ಆರನೇದು. ಆರು ಅಂದ್ರೆ ಏನ್ರಿ? ನೀವೇ ತಾನೇ ತಂದಿದ್ದು, ಹೇಳಿ."

ಅಂಕಿ ಅವನಿಗೆ ಕಂಡಿತು. ಅದರ ಪಕ್ಕದ ಕೆಂಪೂ ಕಂಡಿತು, ದಪ್ಪಗೆ ಉಬ್ಬಿ, ಅಂಚು ಚದರಿ, ಉಳಿದ ಬೆನ್ನೆಲ್ಲ ತಣ್ಣಗೆ ಬೆಳ್ಳಗಿದ್ದ ಕಡೆ ಅದೊಂದೇ ಉರಿಯುತ್ತ. ಎಷ್ಟೋ ದಿನದಿಂದ ಅವನು ಅವಳ ಬೆನ್ನು ನೋಡಿರಲಿಲ್ಲ. ಅಲ್ಲೊಂದು ಮಚ್ಚೆಯಿತ್ತೆಂಬುದೇ ಮರೆತುಹೋಗಿತ್ತು.

"ಉಣ್ಣೆಕೊಬ್ಬು," ಎಂದ.

"ಸರಿಹೋಯ್ತು. ಇನ್ನು ಜನ್ಮದಲ್ಲಿ ಅದನ್ನ ಮುಟ್ಟೋ ಹಾಗಿಲ್ಲಮ್ಮ. ಒಡೆದ ಚರ್ಮಕ್ಕೆ ತಿಂಗಳುಗಟ್ಟಲೆ ಅದನ್ನೇ ಬಳಿದ್ರೆ ಇನ್ನೇನಾಗುತ್ತೆ? ಯಾವ ಪುಣ್ಯಾತ್ಮ ಹೇಳಿದ್ದು ನಿಮಗೆ ಹಚ್ಚಿ ಅಂತ?"

ಅವನು ಕಾದ. ಇಷ್ಟು ವರ್ಷದ ಸಂಸಾರದಲ್ಲಿ ಅವಳ ಉತ್ತರಕ್ಕೆ ಇಷ್ಟು ಹೆದರಿದ್ದು ಇದೇ ಮೊದಲು.

"ಯಾರೂ ಹೇಳ್ಲಿಲ್ಲ. ಮನೇಲಿತ್ತು, ಹಚ್ಕೊಂಡೆ," ಎಂದಳು ಅವಳು ಗುಂಡಿ ಹಾಕಿಕೊಳ್ಳುತ್ತ.

"ನಾನೇ ಮಾಡಿದ್ದು," ಎಂದ ಅವನು. ಆದರೆ ಎಷ್ಟು ಮೆಲ್ಲಗೆಂದರೆ ಡಾಕ್ಟರು ಬರೆಯುತ್ತಿದ್ದವರು ತಲೆಯೆತ್ತಿ, "ಏನಂದ್ರಿ?" ಎಂದು ಕೇಳಬೇಕಾಯಿತು. "ಏನಿಲ್ಲ, ಇನ್ಮೇಲೆ ಏನು ಹಚ್ಚಬಹುದು ಅಂತ ಕೇಳಿದೆ," ಎಂದ. ಒಂದು ಸಲ ಧೈರ್ಯ ಮಾಡಿದ್ದಾಯಿತು, ಎರಡನೆಯ ಸಲಕ್ಕೆ ಉಳಿದಿರಲಿಲ್ಲ. ಬರೀ ಬಿಳಿ ಪ್ಯಾರಫಿನ್ ಸಾಕು, ಅದಕ್ಕೆ ಯಾರ ಚರ್ಮವೂ ಜಗಳ ತೆಗೆಯುವುದಿಲ್ಲ ಎಂದು ಡಾಕ್ಟರು ನಕ್ಕರು. ಬೆಳಿಗ್ಗೆ ಅವನು ಸಭೆಯಲ್ಲಿ ಕಾಲಕಸ ಮಾಡಿ ಬಂದ ಪ್ಯಾರಫಿನ್. ಆಗ ಹೆಂಡತಿ ಕೇಳಿದಳು:

"ಹೊಲಿಗೆ ಮಾಡ್ಬಹುದಾ ಡಾಕ್ಟರೇ?"

"ಧಾರಾಳವಾಗಿ. ಯಾಕೆ, ಬಿಟ್ಟಿದ್ರಾ?"

"ಬಟ್ಟೆ ಬಣ್ಣದಿಂದ ಆಗಿದೆ ಅಂತ ಬಿಟ್ಟಿದ್ದೆ."

"ಬಣ್ಣವನ್ನೂ ಪರೀಕ್ಷೆ ಮಾಡಿದೀನಿ, ಏನೂ ಇಲ್ಲ. ಯಾರಂದ್ರು ನಿಮಗೆ?"

"ಯಾರೋ ಅಂದ್ರು," ಎಂದಳು. ಆ ಯಾರೋ ಕಾಲ ಬೆರಳಿನಿಂದ ನೆಲದ ಕಲ್ಲು ಒತ್ತುತ್ತ ಕೂತಿದ್ದ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ತನ್ನನ್ನು ಕಾಪಾಡುತ್ತಿದ್ದಾಳೆ, ಒಡೆದ ಕೈಗಳಿಂದ ತನ್ನನ್ನು ಮುಚ್ಚಿ ಹಿಡಿದಿದ್ದಾಳೆ ಎಂಬುದು ತಿಳಿದು ಅವನಿಗೆ ಅಳು ಬರುವಂತಾಯಿತು. ಜೊತೆಗೇ, ಈ ಡಾಕ್ಟರೆದುರು ಅತ್ತರೆ ಹೇಗಿರುತ್ತದೆಂಬ ಲೆಕ್ಕವೂ ಬಂತು. ತನ್ನ ಪಶ್ಚಾತ್ತಾಪಕ್ಕೂ ಒಂದು ಕನ್ನಡಿ ಬೇಕಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

ಅವಳು ಔಷಧಿಯ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಾಗ ಅವನು ಮೆಟ್ಟಿಲ ಕೆಳಗೆ ಹೋಗಿ ಕ್ವಾಲಿಟಿ ಮೇಡಮ್ಮಿಗೆ ಫೋನು ಮಾಡಿದ. ನಾಳೆ ಮಾಡಿದರಾಯಿತು ಎಂದು ಮೊದಲು ಅನಿಸಿತು, ನಾಳೆ ತಾನು ಮಾಡುವುದಿಲ್ಲವೆಂದು ತನ್ನ ಬಗ್ಗೆ ಅಷ್ಟಾದರೂ ಗೊತ್ತಿತ್ತು. ಫೋನು ಹೊಡೆದುಕೊಳ್ಳುತ್ತಿರುವಷ್ಟೂ ಹೊತ್ತು ಅವರು ಎತ್ತದಿರಲಿ ಎಂದು ಹಾರೈಸಿದ. ಎತ್ತಿದರು.

"ಮೇಡಂ, ಆ ಹಸುಗೂಸಿನ ಕ್ರೀಮು. ಉಣ್ಣೆಕೊಬ್ಬು ತೆಗೆದುಬಿಡೋಣ. ಮ್ಯಾನೇಜರಿಗೆ ನಾನೇ ಹೇಳ್ತೀನಿ."

"ಬೆಳಿಗ್ಗೆ ತಾನೇ ಗೆದ್ದಿರಲ್ಲ ಸರ್?"

"ಆ ಒಬ್ಬರು ಯಾರು ಅಂತ ಗೊತ್ತಾಯ್ತು," ಎಂದ. ಹೇಳಿದ ಮೇಲೆ ಈ ಮಾತು ಎಷ್ಟು ನಾಟಕೀಯವಾಗಿದೆಯೆಂದು ಮುಜುಗರವಾಗಿ, ಅವಸರದಲ್ಲಿ ಎಲ್ಲ ಒದರಿದ: ಹೆಂಡತಿಯ ಕೈ, ಬೆನ್ನಿನ ಪರೀಕ್ಷೆ, ತಿಂಗಳುಗಟ್ಟಲೆ ತಾನೇ ಹಚ್ಚಿದ್ದು. ಮೇಡಂ ನಗಬಹುದೆಂದು ಕಿವಿ ಬಿಗಿ ಹಿಡಿದಿದ್ದ. ನಕ್ಕಿದ್ದರೆ ಒಳ್ಳೆಯದಿತ್ತು.

"ಅಯ್ಯೋ. ಈಗ ಹೇಗಿದೆ ಸರ್ ಮನೆಯವರಿಗೆ? ತುಂಬಾ ನೋವಿದೆಯಾ?"

ಅವನಿಗೆ ಗೊತ್ತಿರಲಿಲ್ಲ. ಕೈಯ ಯಾವ ಬೆರಳ ಸಂದಿಯಲ್ಲಿ ಎಷ್ಟು ಸೀಳಿದೆ, ಚಿಪ್ಪು ಒಣದೋ ಹಸಿಯೋ, ಹಚ್ಚಿದ್ದು ಎಷ್ಟು ಹೊತ್ತಿಗೆ ಇಳಿಯುತ್ತದೆ, ಎಲ್ಲ ಗೊತ್ತಿತ್ತು. ಅವಳಿಗೆ ಹೇಗಿದೆಯೆಂದು ಗೊತ್ತಿರಲಿಲ್ಲ. ಪರವಾಗಿಲ್ಲ ಮೇಡಂ, ಇದೆ, ಹಾಗೇ ಇದೆ ಎಂದು ತೊದಲಿ ಫೋನು ಇಟ್ಟ.

ಹೊರಗೆ ಬಸ್ಸು ನಿಲ್ಲುವ ಕಡೆ ಒಂದು ಬೆಂಚಿತ್ತು. ಅವಳು ಅಲ್ಲಿ ಕೂತಿದ್ದಳು, ಪ್ಯಾರಫಿನ್ನಿನ ಡಬ್ಬಿಯಿದ್ದ ಕಾಗದದ ಚೀಲ ಪಕ್ಕದಲ್ಲಿ. ಅವನು ಹೋಗಿ ಕೂತ. ಕ್ಷಮಿಸು ಎನ್ನಬೇಕೆಂದುಕೊಂಡು ಹೊರಟವನ ಬಾಯಿಂದ ಬಂದದ್ದು ಬೇರೆಯೇ.

"ಪ್ಯಾರಫಿನ್ ಒಂದೇ ಆದ್ರೆ ಸ್ವಲ್ಪ ಗಟ್ಟಿ ಆಗುತ್ತೆ. ಅದಕ್ಕೆ ತೆಳು ಎಣ್ಣೆ ಸೇರಿಸಿ ಒಂದು ಹೊಸ ಬೇಸು ನಾಳೆ ಮಾಡಿ..."

"ಇದಕ್ಕೇ ನಾನು ಹೇಳ್ಲಿಲ್ಲ," ಎಂದಳು ಅವಳು.

"ಏನನ್ನ?"

"ನಿಮ್ಮ ಮುಲಾಮಿಂದಲೇ ಅಂತ. ಹೇಳಿದ್ರೆ ನೀವು ಇನ್ನೊಂದು ಮಾಡ್ಕೊಂಡು ಬರ್ತಿದ್ರಿ." ಅವಳು ನಗುತ್ತಿದ್ದಳು, ದನಿ ಮಾತ್ರ ನಗುತ್ತಿರಲಿಲ್ಲ.

"ನಿನಗೆ ಗೊತ್ತಿತ್ತಾ?"

"ನೀವು ಟ್ರೇನಿಂಗಿಗೆ ಹೋದಾಗ ನಾನು ಹಚ್ಕೊಳ್ಳಲೇ ಇಲ್ಲ. ಒಬ್ಬಳೇ ಹಚ್ಕೊಳ್ಳೋಕೆ ಬೇಜಾರು. ಮೂರು ದಿನಕ್ಕೇ ಕೈ ತಣ್ಣಗಾಯ್ತು. ಆಗ್ಲೇ ಗೊತ್ತಾಯ್ತು."

"ಮತ್ತೆ ನಾನು ಬಂದ ಮೇಲೂ ದಿನಾ ಹಚ್ಚಿಸ್ಕೊಂಡ್ಯಲ್ಲ?"

"ಹೂಂ."

"ಉರೀತಿರಲಿಲ್ವಾ?"

"ಉರೀತಿತ್ತು."

"ಮತ್ತೆ ಯಾಕೆ?"

ಅವಳು ರಸ್ತೆಯ ಕಡೆ ನೋಡಿದಳು. ಒಂದು ಸೈಕಲ್ಲು ಹೋಗುವವರೆಗೂ ನೋಡಿದಳು. "ನೀವು ನನ್ನೆದುರು ಕೂತು ಮಾತಾಡ್ತಿದ್ದಿದ್ದು ಆ ಒಂದು ಹೊತ್ತೇ. ಹಚ್ಚಿ ಆದ್ಮೇಲೆ ಕೈ ಒರೆಸ್ಕೊಂಡು ಎದ್ದುಬಿಡ್ತಿದ್ರಿ. ಮೊದಲು, ಇವತ್ತು ಹೇಳೋಣ, ನಾಳೆ ಹೇಳೋಣ ಅಂದ್ಕೊಂಡೆ. ಆಮೇಲೆ, ಹೇಳಿದ್ರೆ ಅದೂ ಹೋಗುತ್ತಲ್ಲ ಅನ್ನಿಸ್ತು. ಕೊನೆಗೆ ತಡೆಯೋಕಾಗ್ಲಿಲ್ಲ, ಡಾಕ್ಟರ್ ಹತ್ರ ಹೋಗೋಣ ಅಂದೆ."

ಬಸ್ಸು ಬಂತು. ಇಬ್ಬರೂ ಏಳಲಿಲ್ಲ. ಬಸ್ಸಿನವನು ಒಂದು ಗಳಿಗೆ ನೋಡಿ, ಹತ್ತದ ಗಿರಾಕಿಗಳೆಂದು ತಲೆಯಾಡಿಸಿ ಹೊರಟುಹೋದ. ಅವನಿಗೆ ಅವಳ ಕೈ ಹಿಡಿಯಬೇಕೆನಿಸಿತು, ತುಂಬ ವರ್ಷಗಳಲ್ಲಿ ಅನಿಸದಷ್ಟು ಜೋರಾಗಿ ಅನಿಸಿತು. ಕೈ ಮುಂದೆ ಹೋಯಿತು, ಅರ್ಧದಲ್ಲಿ ನಿಂತಿತು. ಬೆಳಿಗ್ಗೆ ಮ್ಯಾನೇಜರಿಗೆ ಹಚ್ಚಿದ್ದು ಉಗುರ ಸಂದಿಯಲ್ಲಿ ಇನ್ನೂ ಇರುತ್ತದೆ, ಅದು ಬರೀ ನೀರಿಗೆ ಹೋಗುವಂಥದ್ದಲ್ಲ. ಇದೊಂದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಅವನು ಕೈ ಹಿಂದೆಗೆದುಕೊಂಡು ತನ್ನ ಮಂಡಿಯ ಮೇಲಿಟ್ಟುಕೊಂಡ. ಹೇಳಲು ಏನಾದರೂ ಹುಡುಕಿದ. ಕಾರ್ಖಾನೆಯ ಟೋಪಿ, ಐಸ್‌ಕ್ರೀಮು, ಇವತ್ತಿನ ಸಭೆಯಲ್ಲಿ ಮ್ಯಾನೇಜರು ಕೈ ಚಾಚಿಕೊಂಡು ಕೂತದ್ದು, ಎಲ್ಲ ಬಾಯ ತನಕ ಬಂದು ಹಿಂದೆ ಹೋದವು. ಇಷ್ಟು ದಿನ ತಾನು ಆಡಿದ್ದೆಲ್ಲ ಹಚ್ಚಿದ್ದು ಇಳಿಯುವವರೆಗಿನ ಹೊತ್ತು ಕಳೆಯುವ ಮಾತು. ಅದಕ್ಕಾಗಿ ಇವಳು ಉರಿ ಸಹಿಸಿಕೊಂಡು ಎದುರಿಗೆ ಕೂರುತ್ತಿದ್ದಳು. ಅವನಿಗೆ ತನ್ನ ಮೇಲೆ ನಗಲೂ ಆಗಲಿಲ್ಲ, ಅದು ಅವನಿಗೆ ಯಾವಾಗಲೂ ಸುಲಭವಾಗಿ ಬರುತ್ತಿದ್ದ ವಿದ್ಯೆ.

"ಉರಿ," ಎಂದ ಕೊನೆಗೆ, ರಸ್ತೆ ನೋಡುತ್ತ. ಆಮೇಲೆ ಅವಳ ಕಡೆ ತಿರುಗಿದ. "ಹೇಗಿರುತ್ತೆ ಅದು? ಎಲ್ಲಿ ಶುರುವಾಗುತ್ತೆ?"

ಅವಳು ಅವನ ಮುಖ ನೋಡಿದಳು, ಇದೂ ಪರೀಕ್ಷೆಯ ಪ್ರಶ್ನೆಯೋ ಏನೋ ಎಂದು ಅಳೆಯುವವಳಂತೆ. ಆಮೇಲೆ ಕಾಗದದ ಚೀಲವನ್ನು ಆಚೆ ಸರಿಸಿ, ಸ್ವಲ್ಪ ಹತ್ತಿರ ಬಂದು, ಹೇಳತೊಡಗಿದಳು. ಹೇಳಲು ಬಹಳವಿತ್ತು. ಇನ್ನೊಂದು ಬಸ್ಸು ಬಂದು ಹೋಯಿತು, ಅವನು ಎದ್ದೇಳಲಿಲ್ಲ.